ಹೊಸ ಧರ್ಮಶಿಕ್ಷಣ ಪಠ್ಯಕ್ರಮ: ಹಳೇ ಪಾಠಗಳನ್ನು ಏನು ಮಾಡೋದು?

ಪ್ರಶ್ನೆ: ನಾನು ಮಂಗಳೂರಿನವಳು, ಇಂಗ್ಲೆಂಡಿನ ಕಥೋಲಿಕ ಪ್ರೈಮರಿ ಶಾಲೆಯಲ್ಲಿ ಟೀಚರ್. ಬಿಷಪರು 2023ರಲ್ಲಿ ಹೊರಡಿಸಿದ ಡೈರೆಕ್ಟರಿಯಲ್ಲಿ, ಅಂದ್ರೆ ಧರ್ಮಶಿಕ್ಷಣದ ಹೊಸ ಪಠ್ಯಕ್ರಮದಲ್ಲಿ, ವರ್ಷಕ್ಕೆ ಆರು ಭಾಗ. ಕೊನೆಯದು ಸಂವಾದ, ಬೇರೆ ಧರ್ಮಗಳೂ ಅದರಲ್ಲಿವೆ. ಇಷ್ಟು ವರ್ಷ ಪ್ರೀತಿಯಿಂದ ಮಾಡಿಟ್ಟ ಪಾಠಗಳೆಲ್ಲ ಸುಮ್ನೆ ಮೂಲೆ ಸೇರಬೇಕಾ?

ಉತ್ತರ 1: ಖಂಡಿತ ಬಿಸಾಡಬೇಡಿ ಅಕ್ಕಾ. ಸೃಷ್ಟಿಯ ಕಥೆ ಮೊದಲ ಭಾಗಕ್ಕೆ, ಆಗಮನ ಕಾಲದ್ದು (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಎರಡನೆಯದಕ್ಕೆ, ತಪಸ್ಸು ಕಾಲದ್ದು (ಈಸ್ಟರ್‌ಗೆ ಮುಂಚಿನ ವಾರಗಳು) ನಾಲ್ಕನೆಯದಕ್ಕೆ ಹೊಂದುತ್ತವೆ. ಕ್ರಮ ಮಾತ್ರ ಬದಲಿಸಿ.

ಉತ್ತರ 2: ಕೊನೆಯ ಭಾಗದಲ್ಲಿ ಕಥೋಲಿಕರದ್ದೇ ಬೇರೆ ಬೇರೆ ಸಂಪ್ರದಾಯಗಳಿಗೂ ಜಾಗ ಇದೆ ಅಲ್ವಾ? ನಮ್ಮ ಮಂಗಳೂರು ಕಥೋಲಿಕರ ತೆನೆ ಹಬ್ಬ, ಮೊಂತಿ ಹಬ್ಬ ತನ್ನಿ. ಸೆಪ್ಟೆಂಬರ್ 8, ಆಶೀರ್ವದಿಸಿದ ಹೊಸ ತೆನೆ, ಮಕ್ಕಳು ಕನ್ಯಾಮರಿಯಮ್ಮನಿಗೆ ಹಾಕುವ ಹೂ. ನನಗಂತೂ ಅದಕ್ಕಿಂತ ಒಳ್ಳೇ ಪಾಠ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಧೈರ್ಯ ಬಂತು. ಅಮ್ಮನ ಹತ್ರ ತೆನೆ ಹಬ್ಬದ ಫೋಟೋ ಕಳಿಸಲು ಹೇಳುತ್ತೇನೆ.