ಕಂಬ ಇಲ್ಲದ ಕಡೆ ಮನೆ: ಸೋಲಾರ್ ಒಂದೇ ಸಾಕಾ?

ಕೇಳಿದ್ದು, ಜಯನಗರದಿಂದ

ಹಾರೋಹಳ್ಳಿ ಹತ್ತಿರದ ನಮ್ಮ ಜಾಗದಲ್ಲಿ ಪುಟ್ಟ ಮನೆ ಕಟ್ಟಿಸುತ್ತಿದ್ದೇವೆ. ಅತ್ತೆ ಮಾವ ಅಲ್ಲೇ ಇರುತ್ತಾರಂತೆ. ಕರೆಂಟ್ ಕಂಬ ತುಂಬಾ ದೂರ. ಲೈನ್ ಎಳೆಸದೆ ಬರೀ ಸೋಲಾರ್, ಬ್ಯಾಟರಿ ನಂಬಿಕೊಂಡು ಇರಬಹುದಾ? ನಾಲ್ಕು ಫ್ಯಾನ್, ಎಂಟು ಲೈಟ್, ಫ್ರಿಜ್, ಟಿವಿ, ವೈಫೈ, ಮಿಕ್ಸಿ, 1 ಎಚ್‌ಪಿ ಮೋಟಾರ್. ಮಾಡಿ ನೋಡಿದವರು ದಯವಿಟ್ಟು ಹೇಳಿ.

ತಾವರೆಕೆರೆಯಿಂದ

ಇರಬಹುದು ಮೇಡಂ. ನಾವು ಆರು ವರ್ಷದಿಂದ ಹಾಗೇ ಇದ್ದೇವೆ. ಮೊದಲ ವರ್ಷ ಮಾತ್ರ ತುಂಬಾ ಒದ್ದಾಡಿದೆವು. ಆ ತಪ್ಪು ನೀವು ಮಾಡಬಾರದು ಅಂತ ಅದನ್ನೇ ಮೊದಲು ಹೇಳುತ್ತೇನೆ.

ಮಾರ್ಚ್‌ನಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್, ನಾಲ್ಕು 150 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ, ಹಾಕಿಸಿದೆವು. ದಿನಕ್ಕೆ 4 ಯೂನಿಟ್ ಬರುತ್ತಿತ್ತು, ಖುಷಿಯಾಗಿದ್ದೆವು. ಜುಲೈ ಬಂತು. ನಮ್ಮ ಕಡೆಯ ಜುಲೈ, ಆಗಸ್ಟ್ ಗೊತ್ತಲ್ವಾ, ಮಳೆಗಿಂತ ಮೋಡವೇ ಜಾಸ್ತಿ. ಒಂದೂವರೆ ಯೂನಿಟ್ ಬಂದರೆ ಅದೇ ದೊಡ್ಡದು. ರಾತ್ರಿ ಸಾಲುತ್ತಿಲ್ಲ ಅಂತ ನಾನು ಇನ್ನೂ ನಾಲ್ಕು ಬ್ಯಾಟರಿ ತಂದು ಸೇರಿಸಿದೆ. ಸಂಪು ದೊಡ್ಡದು ಮಾಡಿದರೆ ಕಾವೇರಿ ನೀರು ಜಾಸ್ತಿ ಬರುತ್ತದಾ? ಎಂಟೂ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿದವು.

ಲೆಡ್ ಆಸಿಡ್ ಬ್ಯಾಟರಿ ವಾರಗಟ್ಟಲೆ ಅರ್ಧ ಚಾರ್ಜ್‌ನಲ್ಲಿ ನಿಂತರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬಿಸಿಲು ಬಂದರೂ ಅದು ಚಾರ್ಜ್ ಹಿಡಿಯುವುದಿಲ್ಲ. ಒಂದು ದಿನ ಮನೆಯವಳು ಟಾರ್ಚ್ ಹಿಡಿದಳು, ನಾನು ಒಂದೊಂದೇ ಮುಚ್ಚಳ ತೆಗೆದು, ಆಸಿಡ್ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಹೈಡ್ರೋಮೀಟರ್ ಇಳಿಸಿದೆ. 1240ಕ್ಕೆ ತೇಲಬೇಕಿದ್ದ ಕಡ್ಡಿ 1150ರ ಹತ್ತಿರ ಮುಳುಗಿ ಕೂತಿತ್ತು. ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಹೂವಿನ ಹಾಗೆ ಅರಳಿತ್ತು. ನಾಲ್ಕು ಬ್ಯಾಟರಿ ಗುಜರಿಗೆ ಹೋದವು.

ಆ ದುಡ್ಡಲ್ಲಿ ಪ್ಯಾನೆಲ್ ಹಾಕಿಸಬೇಕಿತ್ತು. ಆಮೇಲೆ ಹಾಕಿಸಿದೆ, ಈಗ 3 ಕಿಲೋವ್ಯಾಟ್ ಇದೆ. ಮೋಡದ ದಿನವೂ ನಾಲ್ಕು, ನಾಲ್ಕೂವರೆ ಯೂನಿಟ್ ಬರುತ್ತದೆ. ಏಪ್ರಿಲ್‌ನಲ್ಲಿ ಅರ್ಧಕ್ಕರ್ಧ ಮಿಕ್ಕುತ್ತದೆ, ಮಿಗಲಿ ಬಿಡಿ. ಆಗಸ್ಟ್ ಲೆಕ್ಕದಲ್ಲಿ ಪ್ಯಾನೆಲ್ ಹಾಕಿಸಿ, ರಾತ್ರಿ ಲೆಕ್ಕದಲ್ಲಿ ಬ್ಯಾಟರಿ ತನ್ನಿ.

ನಿಮ್ಮ ಪಟ್ಟಿಯ ಲೆಕ್ಕ ಹಾಕಿದೆ. ಫ್ರಿಜ್ ಸುಮಾರು 1 ಯೂನಿಟ್. ಫ್ಯಾನ್ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನದು) ತಗೊಂಡರೆ ಒಂದಕ್ಕೆ 30 ವ್ಯಾಟ್, ನಾಲ್ಕೂ 10 ಗಂಟೆ ತಿರುಗಿದರೆ 1.2 ಯೂನಿಟ್. ಮಾಮೂಲಿ ಫ್ಯಾನ್ ಆದರೆ 75 ವ್ಯಾಟ್, ಅಲ್ಲೇ 3 ಯೂನಿಟ್ ಹೋಯಿತು. ಲೈಟ್, ಟಿವಿ, ವೈಫೈ, ಮಿಕ್ಸಿ ಸೇರಿ ಸುಮಾರು 1. ಮೋಟಾರ್ ಒಂದು ಗಂಟೆಗೆ ಮುಕ್ಕಾಲರಿಂದ 1. ಒಟ್ಟು ನಾಲ್ಕರ ಆಸುಪಾಸು. ಇದರಲ್ಲಿ ಬ್ಯಾಟರಿಯಿಂದ ಬರಬೇಕಾಗಿರುವುದು ರಾತ್ರಿಯ 2 ಯೂನಿಟ್ ಮಾತ್ರ. 12 ವೋಲ್ಟಿನ ನಾಲ್ಕು 150 ಎಎಚ್ ಬ್ಯಾಟರಿಯಲ್ಲಿ 7.2 ಯೂನಿಟ್ ಇರುತ್ತದೆ, ಅರ್ಧ ಮಾತ್ರ ಬಳಸಿ. ಅಷ್ಟು ಸಾಕು.

ಮೋಟಾರನ್ನು ಬೆಳಗ್ಗೆ 11ರಿಂದ 1ರ ಒಳಗೆ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿಬಿಡಿ. ರಾತ್ರಿ ಮುಟ್ಟಲೇಬೇಡಿ. ಶುರುವಾಗುವಾಗ ಅದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಇನ್ವರ್ಟರ್ ಅದನ್ನು ತಾಳುವಷ್ಟು ದೊಡ್ಡದಿರಲಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13 ಡಿಗ್ರಿ ವಾಲಿರಲಿ. ಒಂದು ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಕರೆಂಟೂ ಇಳಿಯುತ್ತದೆ. ಜಾಗ ಗೊತ್ತು ಮಾಡುವ ಮೊದಲು ಒಂದು ಭಾನುವಾರ ಪೂರ್ತಿ ಅಲ್ಲೇ ಕೂತು ನೆರಳು ನೋಡಿ.

ಹೆಸರಘಟ್ಟದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ವಯಸ್ಸಾದವರೇ ಇರುವ ಮನೆ ಅಂದಿದ್ದೀರಿ, ಅವರ ಕೈಲಿ ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿಸುವುದು ಬೇಡ. ಕೈಲಾದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಗೊಳ್ಳಿ. 48 ವೋಲ್ಟ್, 100 ಎಎಚ್ ಒಂದರಲ್ಲೇ ಸುಮಾರು 5 ಯೂನಿಟ್, ಅದರಲ್ಲಿ 4 ಧಾರಾಳವಾಗಿ ಬಳಸಬಹುದು. ಅರ್ಧ ಚಾರ್ಜ್‌ನಲ್ಲಿ ನಿಂತರೂ ಅದಕ್ಕೆ ತೊಂದರೆಯಿಲ್ಲ. ಮೊದಲಿಗೆ ದುಡ್ಡು ಜಾಸ್ತಿ, ಆದರೆ ಬಾಳಿಕೆ ಟ್ಯೂಬುಲರ್‌ಗಿಂತ ಎಷ್ಟೋ ಪಾಲು. ಇನ್ವರ್ಟರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಅಂತ ಕೇಳಿಯೇ ಕೊಳ್ಳಿ.

ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಬಯಲಲ್ಲಿ ಒಂಟಿ ಮನೆ, ಏಪ್ರಿಲ್ ಮೇ ತಿಂಗಳ ಸಂಜೆ ಮಳೆ. ನಮ್ಮ ಇನ್ವರ್ಟರ್ ಹಾಗೇ ಒಮ್ಮೆ ಸುಟ್ಟಿತು. ಸಿಡಿಲನ್ನು ನೆಲಕ್ಕಿಳಿಸುವ ಅರೆಸ್ಟರ್, ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್, ಮೂರನ್ನೂ ಬಿಡಬೇಡಿ.

ಇನ್ನೊಂದು. ಮನೆ ಸೋಲಾರ್‌ಗೆ ಅಂತ 2024ರಲ್ಲಿ ಬಂದ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಲೈನ್‌ಗೆ ಸೇರಿಸಿದ ಸೋಲಾರ್‌ಗೆ ಮಾತ್ರ. ನಿಮಗೆ ಬರುವುದಿಲ್ಲ, ಅದನ್ನು ನಂಬಿ ಬಜೆಟ್ ಹಾಕಬೇಡಿ.

ಜಯನಗರದಿಂದ

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಬಿಸಿನೀರಿಗೆ ಗೀಸರ್ ಹಾಕಬಹುದಾ?

ತಾವರೆಕೆರೆಯಿಂದ

ಬೇಡ ಮೇಡಂ. ಗೀಸರ್ 2 ಕಿಲೋವ್ಯಾಟ್ ಎಳೆಯುತ್ತದೆ, ಒಂದು ಗಂಟೆಗೆ ನಿಮ್ಮ ರಾತ್ರಿಯ ಕರೆಂಟೆಲ್ಲ ಖಾಲಿ. ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಮೋಡದ ದಿನಕ್ಕೆ ಹಂಡೆ ಒಲೆ ಇರಲಿ, ತೋಟದಲ್ಲಿ ಗರಿ, ಮಟ್ಟೆಗೆ ಬರವಿಲ್ಲ. ಬಚ್ಚಲುಮನೆಯ ಗೋಡೆ ಏಳುವ ಮೊದಲೇ ಮೇಸ್ತ್ರಿಗೆ ಹೇಳಿ ಒಲೆಗೆ ಜಾಗ ಬಿಡಿಸಿಕೊಳ್ಳಿ.