ಪೋಷಕಾಂಶ ಹೇರಳವಾಗಿರುವಾಗ ಬ್ಯಾಕ್ಟೀರಿಯಾ ವಿಷವನ್ನು ಏಕೆ ಕಡಿಮೆ ತಯಾರಿಸುತ್ತದೆ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಶಾಸ್ತ್ರದ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಬ್ಯಾಕ್ಟೀರಿಯಾದ ಸಂಖ್ಯೆ ಹೆಚ್ಚಿದಷ್ಟೂ ಅದು ಹೊರಬಿಡುವ ವಿಷವೂ ಹೆಚ್ಚುತ್ತದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಆದರೆ ಕಬ್ಬಿಣಾಂಶ ಧಾರಾಳವಾಗಿ ಸಿಕ್ಕಾಗ ಗಂಟಲಮಾರಿಯ (ಡಿಫ್ತೀರಿಯಾ) ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದರೂ ವಿಷದ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ ಎಂದು ಮೊನ್ನೆ ಓದಿದೆ. ಕರುಳಿಗೆ ಸೋಂಕು ತಂದು ಭೇದಿ ಉಂಟುಮಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಕೂಡ ಗ್ಲೂಕೋಸ್ ಇರುವಾಗ ವಿಷವನ್ನು ಕಡಿಮೆ ಮಾಡುತ್ತದೆಯಂತೆ. ಬೆಳವಣಿಗೆಗೂ ವಿಷಕ್ಕೂ ಹೀಗೆ ನಂಟು ತಪ್ಪುವುದು ಏಕೆ? ಇದು ಎಲ್ಲ ಬ್ಯಾಕ್ಟೀರಿಯಾಗಳಿಗೂ ಅನ್ವಯಿಸುವ ನಿಯಮವೇ?

ಉತ್ತರ 1 (ನಿವೃತ್ತ ಅಧ್ಯಾಪಕ)

ನಿಮ್ಮ ಪ್ರಶ್ನೆಗೆ ಗಂಟಲಮಾರಿಯ ಉದಾಹರಣೆಯೊಂದೇ ಅರ್ಧ ಉತ್ತರ ಕೊಡುತ್ತದೆಯಾದ್ದರಿಂದ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ. 1888ರಲ್ಲಿ ರೂ ಮತ್ತು ಯೆರ್ಸಿನ್ ಎಂಬ ವಿಜ್ಞಾನಿಗಳು ಈ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಜೀವಕೋಶಗಳೇ ಇಲ್ಲದ ಆ ದ್ರವವೂ ಪ್ರಾಣಿಗಳಲ್ಲಿ ರೋಗದ ಹಾನಿಯನ್ನು ಉಂಟುಮಾಡುತ್ತದೆ ಎಂದು ತೋರಿಸಿದರು. ಆ ವಿಷದ ಪ್ರಮಾಣವನ್ನು ಕಬ್ಬಿಣಾಂಶ ನಿರ್ಧರಿಸುತ್ತದೆ ಎಂಬುದು 1930ರ ದಶಕದಲ್ಲಿ ಸ್ಪಷ್ಟವಾಯಿತು.

ಇದರ ಒಳಗುಟ್ಟು ಒಂದು ನಿಯಂತ್ರಕ ಪ್ರೋಟೀನಿನಲ್ಲಿದೆ. ಅದರ ಹೆಸರು ಡಿಟಿಎಕ್ಸ್‌ಆರ್. ಜೀವಕೋಶದೊಳಗೆ ಕಬ್ಬಿಣಾಂಶ ಸಾಕಷ್ಟಿರುವಾಗ ಅದು ಈ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ಪ್ರೋಟೀನು ವಿಷದ ಜೀನಿನ ಮುಂಭಾಗದಲ್ಲಿ ಡಿಎನ್‌ಎ ಮೇಲೆ ಕುಳಿತು, ಜೀನನ್ನು ಓದುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕಬ್ಬಿಣಾಂಶ ಕಡಿಮೆಯಾಗುತ್ತಾ ಬಂದಂತೆ ಪ್ರೋಟೀನು ಜಾಗ ಬಿಡುತ್ತದೆ, ವಿಷದ ತಯಾರಿಕೆ ಆರಂಭವಾಗುತ್ತದೆ. ವಿಷದ ಜೀನು ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದರೊಳಗೆ ಸೇರಿಕೊಂಡ ವೈರಸ್ ತಂದದ್ದು. ಅದಕ್ಕೆ ಬೀಗ ಹಾಕುವ ಪ್ರೋಟೀನು ಮಾತ್ರ ಬ್ಯಾಕ್ಟೀರಿಯಾದ ಸ್ವಂತ ಜೀನಿನಿಂದ ಬರುತ್ತದೆ. ಎಷ್ಟು ವರ್ಷ ಪಾಠ ಹೇಳಿದರೂ ಈ ಸಂಗತಿ ನನಗೆ ಹಳತಾಗಲಿಲ್ಲ.

ಇನ್ನು ಏಕೆ ಎಂಬ ಪ್ರಶ್ನೆ. ನಮ್ಮ ದೇಹದಲ್ಲಿ ಕಬ್ಬಿಣಾಂಶ ಬಿಡಿಯಾಗಿ ಸಿಗುವುದಿಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್, ಲೋಳೆಪೊರೆಯ ಸ್ರಾವಗಳಲ್ಲಿ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನುಗಳು ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಹಾಗಾಗಿ ಕಬ್ಬಿಣಾಂಶದ ಅಭಾವವೆಂದರೆ ‘ನಾನೀಗ ಆತಿಥೇಯ ಜೀವಿಯ ದೇಹದೊಳಗಿದ್ದೇನೆ’ ಎಂಬ ಸೂಚನೆಯಾಗಿಯೂ ಕೆಲಸ ಮಾಡುತ್ತದೆ. ಇದೇ ಡಿಟಿಎಕ್ಸ್‌ಆರ್ ಕಬ್ಬಿಣಾಂಶವನ್ನು ಸೆಳೆದುಕೊಳ್ಳುವ ಜೀನುಗಳನ್ನೂ ನಿಯಂತ್ರಿಸುತ್ತದೆ ಎಂಬುದನ್ನು ಗಮನಿಸಿದರೆ, ವಿಷವನ್ನು ಬೆಳವಣಿಗೆಯ ಕಸವೆಂದು ಕಾಣುವುದಕ್ಕಿಂತ, ಕೊರತೆಯ ಕಾಲದಲ್ಲಿ ಹೊರತೆಗೆಯುವ ಸಲಕರಣೆಗಳ ಸಾಲಿನಲ್ಲಿಟ್ಟು ನೋಡುವುದೇ ಸರಿ ಎನಿಸುತ್ತದೆ.

ಉತ್ತರ 2 (ಸಂಶೋಧನಾರ್ಥಿ)

ಹಿರಿಯರು ಹೇಳಿದ್ದಕ್ಕೆ ಡಿಫಿಸೀಲ್ ವಿಚಾರವನ್ನು ಸೇರಿಸುತ್ತೇನೆ. ಇದರ ಎ ಮತ್ತು ಬಿ ಎಂಬ ಎರಡು ವಿಷಗಳ ಜೀನುಗಳನ್ನು ಚಾಲೂ ಮಾಡುವುದು ಟಿಸಿಡಿಆರ್ ಎಂಬ ಪ್ರೋಟೀನು. ಇದನ್ನು ಹದ್ದುಬಸ್ತಿನಲ್ಲಿಡಲು ಬ್ಯಾಕ್ಟೀರಿಯಾದಲ್ಲಿ ಮುಖ್ಯವಾಗಿ ಇಬ್ಬರು ಕಾವಲುಗಾರರಿದ್ದಾರೆ. ಕಾಡ್‌ವೈ ಎಂಬುದು ಐಸೊಲ್ಯೂಸಿನ್, ಲ್ಯೂಸಿನ್, ವ್ಯಾಲಿನ್ ಎಂಬ ಅಮೈನೋ ಆಮ್ಲಗಳ ಜೊತೆಗೆ ಜೀವಕೋಶದ ಜಿಟಿಪಿ (ಶಕ್ತಿ ಒದಗಿಸುವ ಒಂದು ಅಣು) ಮಟ್ಟವನ್ನೂ ಗ್ರಹಿಸುತ್ತದೆ. ಸಿಸಿಪಿಎ ಎಂಬುದು ಗ್ಲೂಕೋಸಿನಂತಹ ಸಕ್ಕರೆ ಸುಲಭವಾಗಿ ಸಿಗುತ್ತಿರುವುದನ್ನು ಗುರುತಿಸುತ್ತದೆ. ಇವೆರಡೂ ತೃಪ್ತವಾಗಿರುವವರೆಗೆ ವಿಷದ ಜೀನುಗಳು ಸುಮ್ಮನಿರುತ್ತವೆ. ವೇಗದ ಬೆಳವಣಿಗೆ ಮುಗಿದು ಸಂಖ್ಯೆ ಸ್ಥಿರವಾಗುವ ಹಂತದಲ್ಲಿ ವಿಷ ಏರುವುದಕ್ಕೆ ಇದೇ ಮುಖ್ಯ ಕಾರಣ.

ಈ ವಿಷಗಳಿಂದ ಹಾನಿಗೊಂಡ ಕರುಳಿನ ಅಂಗಾಂಶದಿಂದ ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೈನೋ ಆಮ್ಲಗಳು ಬಿಡುಗಡೆಯಾಗುತ್ತವೆ ಎಂಬುದನ್ನು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಅಂದರೆ ಹಸಿವೇ ವಿಷವನ್ನು ಹೊರಡಿಸುತ್ತದೆ, ವಿಷವು ಆ ಹಸಿವನ್ನು ನೀಗಿಸುವ ದಾರಿ ತೆರೆಯುತ್ತದೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಗಾದರೆ ‘ಕೊರತೆ ಇದ್ದಲ್ಲಿ ವಿಷ’ ಎಂದು ಸಾಮಾನ್ಯ ಸೂತ್ರವಾಗಿ ಬರೆದುಕೊಳ್ಳಬಹುದೇ?

ಉತ್ತರ 3 (ಆಹಾರ ಸುರಕ್ಷತಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು)

ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಕೆಲವು ಇ. ಕೊಲೈ ಬ್ಯಾಕ್ಟೀರಿಯಾಗಳು ತಯಾರಿಸುವ ಶಿಗಾ ವಿಷಗಳ ಉದಾಹರಣೆಯೇ ಸಾಕು. ಒಂದನೆಯ ಬಗೆಯ ಶಿಗಾ ವಿಷವನ್ನು ಕಬ್ಬಿಣಾಂಶ ತಡೆಯುತ್ತದೆ, ಅಲ್ಲಿ ನಿಮ್ಮ ಸೂತ್ರ ಹೊಂದುತ್ತದೆ. ಎರಡನೆಯ ಬಗೆಗೆ ಅದು ಹೊಂದುವುದಿಲ್ಲ; ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಬಿದ್ದು, ಒಳಗೆ ಸುಪ್ತವಾಗಿದ್ದ ವೈರಸ್ ಎಚ್ಚೆತ್ತಾಗ ಅದರ ಜೊತೆಯಲ್ಲೇ ಈ ವಿಷವೂ ಹೆಚ್ಚಾಗಿ ತಯಾರಾಗುತ್ತದೆ. ಈ ವಿಷವುಳ್ಳ ಇ. ಕೊಲೈ ಸೋಂಕಿಗೆ ಆ್ಯಂಟಿಬಯೋಟಿಕ್ ಕೊಡಲು ವೈದ್ಯರು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಕೆಲವು ಔಷಧಗಳೇ ಅಂತಹ ಪೆಟ್ಟನ್ನು ಕೊಡುತ್ತವೆ.

ಆಹಾರವನ್ನು ವಿಷಮಯಗೊಳಿಸಬಲ್ಲ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ್ದು ಬೇರೆಯದೇ ಕಥೆ. ಅದು ತನ್ನವರು ಸುತ್ತಲೂ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಅವರು ಬಿಡುವ ಸಣ್ಣ ಸಂಕೇತ ಅಣುಗಳ ಮೂಲಕ ಅಳೆಯುತ್ತದೆ. ಗುಂಪು ದಟ್ಟವಾದ ಮೇಲೆಯೇ ಅದರ ಹಲವು ವಿಷಗಳು ಹೊರಬರುತ್ತವೆ. ಇದಲ್ಲದೆ ಬೆಳೆಯಲು ಸಾಧ್ಯವಿರುವ ಮಿತಿಯೂ ವಿಷ ತಯಾರಿಸಲು ಸಾಧ್ಯವಿರುವ ಮಿತಿಯೂ ಒಂದೇ ಅಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಲ್ಲೂ ಅದು ನಿಧಾನವಾಗಿ ಬೆಳೆಯಬಲ್ಲದು, ಆದರೆ ವಾಂತಿ ತರಿಸುವ ವಿಷಗಳನ್ನು ತಯಾರಿಸಲು ಸಾಮಾನ್ಯವಾಗಿ 10 ಡಿಗ್ರಿಯಾದರೂ ಬೇಕು. ಆಮ್ಲೀಯತೆ ಹೆಚ್ಚಿದಾಗ, ನೀರಿನ ಲಭ್ಯತೆ ತಗ್ಗಿದಾಗ ಕೂಡ ಬೆಳವಣಿಗೆಗಿಂತ ಮೊದಲು ವಿಷ ನಿಲ್ಲುವುದು ಸಾಮಾನ್ಯ.

ನಮ್ಮ ಕೆಲಸದಲ್ಲಿ ಇದರ ಇನ್ನೊಂದು ಮುಖವನ್ನು ಪದೇ ಪದೇ ಕಾಣುತ್ತೇವೆ. ಆಹಾರದ ಮಾದರಿಯನ್ನು ಪರೀಕ್ಷಿಸಿದಾಗ ಜೀವಂತ ಬ್ಯಾಕ್ಟೀರಿಯಾ ಸಿಗಲಿಲ್ಲ ಎಂದರೆ ವಿಷವಿಲ್ಲ ಎಂದರ್ಥವಲ್ಲ. ಬಿಸಿ ಮಾಡಿದಾಗ ಸ್ಟ್ಯಾಫಿಲೊಕಾಕಸ್ ಸತ್ತರೂ ಅದು ಮೊದಲೇ ತಯಾರಿಸಿಟ್ಟ, ವಾಂತಿ ತರಿಸುವ ಈ ವಿಷ ಕುದಿಯುವ ಶಾಖವನ್ನೂ ತಾಳಿಕೊಂಡು ಉಳಿಯುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾದ ಎಣಿಕೆಯನ್ನೂ ವಿಷದ ಪರೀಕ್ಷೆಯನ್ನೂ ಬೇರೆಬೇರೆಯಾಗಿಯೇ ಮಾಡಬೇಕಾಗುತ್ತದೆ.

ಪ್ರಬಂಧಗಳನ್ನು ಓದುವಾಗ ಒಂದು ವಿಷಯವನ್ನು ಕೇಳಿಕೊಳ್ಳಿ: ಅಲ್ಲಿ ಹೇಳಿರುವ ವಿಷದ ಪ್ರಮಾಣ ಇಡೀ ದ್ರವದ್ದೋ, ಒಂದೊಂದು ಜೀವಕೋಶಕ್ಕೆ ಲೆಕ್ಕ ಹಾಕಿದ್ದೋ? ಪೋಷಕಾಂಶ ಸೇರಿಸಿದಾಗ ಒಟ್ಟು ವಿಷ ಏರಿದ್ದರೂ ಅದು ಕೇವಲ ಸಂಖ್ಯೆ ಹೆಚ್ಚಿದ್ದರಿಂದ ಇರಬಹುದು, ಪ್ರತಿ ಜೀವಕೋಶದ ತಯಾರಿಕೆ ಕುಸಿದೂ ಇರಬಹುದು. ನಿಮಗೆ ಆರಂಭದಲ್ಲಿ ಉಂಟಾದ ಗೊಂದಲದ ಬೇರು ಬಹುಶಃ ಇಲ್ಲೇ ಇದೆ.