ಕಾಲ್ ಪಟ್ಟಿಯ 'ರಫ್ತು' ಸರೀನೋ, 'ಉತಾರ' ಸರೀನೋ?

ಎಲ್ಲರಿಗೂ ಶರಣು. ನಾ ಕಲಬುರಗಿಯಾಗ ಗಂಜ್ (ದವಸದ ಮಾರ್ಕೆಟ್) ಹತ್ತಿರ ಝೆರಾಕ್ಸ್ ಮತ್ತ ಆನ್‌ಲೈನ್ ಅರ್ಜಿ ಹಾಕೋ ಸಣ್ಣ ಅಂಗಡಿ ನಡಸ್ತೀನ್ರಿ. ಫೋನಿನ ಕಾಲ್ ಪಟ್ಟಿ ಫೈಲ್ ಮಾಡಿ ಹೊರಗ ತೆಗಿಯೋದಕ್ಕ ಏನನ್ನಬೇಕು ಅಂತ ಒಂದು ಪದದ ಬಗ್ಗೆ ಕೇಳೋದದ. ಅದು ಹ್ಯಾಂಗ ಬಂತು ಅಂತ ಹೇಳದಿದ್ರ ಪ್ರಶ್ನೆ ತಿಳಿಯಂಗಿಲ್ಲ, ಅದಕ್ಕ ಸ್ವಲ್ಪ ಉದ್ದ ಬರೀಲತ್ತೀನಿ.

ಆಳಂದ ಕಡೆ ನಮ್ಮ ಕಾಕಾ ಇದ್ದಾರ. ಡಿಸೆಂಬರ್‌ದಾಗ ತೊಗರಿ ರಾಶಿ ಮಾಡ್ಸಲಾಕ ಒಬ್ಬ ಮಷಿನ್ ಮಾಲಕಗ ಅಡ್ವಾನ್ಸ್ ಕೊಟ್ಟಿದ್ರು, ಅಂವ ಹೇಳಿದ ದಿನ ಬರಲಿಲ್ಲ, ಮೋಡ ಬ್ಯಾರೆ ಆಗಿತ್ತು, ಕಾಕಾ ನಾಕೈದು ದಿನ ಫೋನ್ ಹಚ್ಚಿ ಹಚ್ಚಿ ಸಾಕಾಗಿ ಬ್ಯಾರೆ ಮಷಿನ್ ತಂದು ರಾಶಿ ಮಾಡ್ಸಿದ್ರು. ಈಗ ಅಡ್ವಾನ್ಸ್ ವಾಪಸ್ ಕೇಳಿದ್ರ ಅಂವ "ನೀವು ನನಗ ಫೋನೇ ಹಚ್ಚಿಲ್ಲ" ಅಂತಾನಂತ. ಯುಗಾದಿ ಮುಂದ ಕಾಕಾ ನನ್ನ ಅಂಗಡಿಗೆ ಬಂದು ಫೋನ್ ಟೇಬಲ್ ಮ್ಯಾಲ ಇಟ್ಟು, "ಹೊಲದ ಉತಾರ ತೆಗೀತೀಯಲ್ಲ ತಮ್ಮಾ, ಹಂಗ ಇದರದ್ದೂ ಒಂದು ಉತಾರ ತೆಗದು ಕೊಡು" ಅಂದ್ರು.

ಉತಾರ ಅಂದ್ರ ಹೊಲದ ಪಹಣಿ ಹಾಳಿ. ಆ ಮಾತು ನನ್ನ ತಲಿಯಾಗ ಕುಂತದ. ಯಾಕಂದ್ರ ಫೋನಿನಾಗ ಕನ್ನಡ ಭಾಷಾ ಹಾಕ್ಕೊಂಡ್ರ ಈ ಕೆಲಸಕ್ಕ ಸಿಗೋ ಪದ 'ರಫ್ತು'. ಪಟ್ಟಿಗೆ 'ಕರೆ ಇತಿಹಾಸ' ಅಂತದ. ಕಾಕಾ ಅದನ್ನ ಓದಿ "ಖರೇ ಇತಿಹಾಸ ಅಂದ್ರ ಏನೋ?" ಅಂತ ಕೇಳಿದ್ರು. ನಮ್ಮ ಕಡೆ ಫೋನಿಗೆ ಕರೆ ಅಂತ ಯಾರೂ ಅನ್ನಂಗಿಲ್ಲ, ಕರೆ ಅಂದ್ರ ಬಂದ್ ಕರೆ, ಇಲ್ಲಾ ಆಕಳ ಹಾಲು ಕರೆಯೋದು.

ಮೊದಲ ರಫ್ತಿನ ಮಾತು ಮುಗಸ್ತೀನಿ. ಈ ಪದ ನಮಗೇನು ಹೊರಗಿಂದಲ್ಲ. ಆಮದು, ರಫ್ತು ಎರಡೂ ಫಾರ್ಸಿಯಿಂದ ಬಂದಾವ, ಆಮದನ್ ಅಂದ್ರ ಬರೋದು, ರಫ್ತನ್ ಅಂದ್ರ ಹೋಗೋದು. ಉರ್ದುದಾಗ ಇವತ್ತಿಗೂ ಜನರ ಓಡಾಟಕ್ಕ ಆಮದೊರಫ್ತ್ ಅಂತಾರ. 1948ರ ತನಕ ನಿಜಾಮರ ಕೆಳಗ ಉರ್ದು ದಫ್ತರ ನಡದ ಊರು ನಮ್ದು, ಹಂಗಾಗಿ ಕಿವಿಗೆ ಒಗ್ಗತದ. ಆದ್ರ ಅಂಗಡಿಯಾಗ ನಾ ಖುದ್ದ ನೋಡಿದ್ದು ಬ್ಯಾರೆ ಅದ. ಗಂಜಿನ್ಯಾಗ ರಫ್ತು ಅಂದ್ರ ಮಾಲು ಲಾರಿ ಹತ್ತಿ ಊರು ಬಿಟ್ಟು ಹೋತು ಅಂತ ಅರ್ಥ, ಗೋದಾಮು ಖಾಲಿ. ಒಬ್ಬ ಅಮ್ಮ ಹೊಸಾ ಫೋನಿಗೆ ಹೆಸರು ನಂಬರ್ ಹಾಕ್ಸಲಾಕ ಬಂದಿದ್ರು, ನಾ 'ರಫ್ತು ಮಾಡಿ' ಒತ್ತಲಾಕ ಹ್ವಾದ್ರ ಗಪ್ಪನ ಕೈ ಹಿಡದು "ಬ್ಯಾಡೋ, ಎಲ್ಲಾ ಹೋಗ್ತಾವ, ಮಗನ ನಂಬರ್ ಅದರಾಗೇ ಅದ" ಅಂದ್ರು. ಆಕಿ ತಿಳಕೊಂಡಿದ್ದು ತಪ್ಪಲ್ಲ, ಪದ ಹೇಳಿದ್ದೇ ಅದು. ಫೋನಿನಾಗ ಎಕ್ಸ್‌ಪೋರ್ಟ್ ಮಾಡಿದ್ರ ಏನೂ ಹೋಗಂಗಿಲ್ಲ, ಮೂಲ ಇದ್ದಲ್ಲೇ ಇರ್ತದ, ಅದರ ನಕಲು ಒಂದು ಫೈಲ್ ಆಗಿ ಹೊರಗ ಬರ್ತದ.

ಉತಾರ ಅಂದ್ರ ಸರಿಯಾಗಿ ಇದೇ. ಹೊಲದ ದಾಖಲೆ ದಫ್ತರದಾಗೇ ಇರ್ತದ, ನಮಗ ಬೇಕಾದ ಸರ್ವೆ ನಂಬರಿನದಷ್ಟೇ ಒಂದು ಹಾಳಿ ತೆಗದು ಕೊಡ್ತಾರ. ಅದಕ್ಕೊಂದು ತಾರೀಖು ಇರ್ತದ, ಆ ದಿನ ದಾಖಲೆಯಾಗ ಏನಿತ್ತೋ ಅಷ್ಟೇ ಅದರಾಗ ಬರ್ತದ. ಇನ್ನ 'ಉತಾರ್' ಅನ್ನೋ ಧಾತುವಿಗೆ ಇಳಿಸು ಅಂತ ಅರ್ಥ ಇರೋದು ನೋಡಿದ್ರ, ನಾವು ಡೌನ್‌ಲೋಡಿಗೆ ಇಳಿಸಿಕೋ ಅನ್ನೋದಕ್ಕೂ ಇದಕ್ಕೂ ನಂಟು ಕಾಣ್ತದ, ಅದು ನನಗ ಭಾಳ ಸೇರಿತು.

ಇನ್ನ ಕಾಕಾನ ಕೆಲಸದ್ದು. ಫೋನಿನಾಗ ಹಿಂದಕ್ಕ ಹಿಂದಕ್ಕ ಹ್ವಾದ್ರ ಡಿಸೆಂಬರೇ ಇಲ್ಲ. ಅಳಸಿದ್ರೇನು ಅಂತ ಕೇಳಿದ್ರ ಇಲ್ಲ ಅಂದ್ರು, ಖರೇನೇ ಅಂದ್ರು. ಭಾಳ ಆಂಡ್ರಾಯ್ಡ್ ಫೋನಿನಾಗ ಕಾಲ್ ಪಟ್ಟಿ ಸುಮಾರು 500 ನಮೂದಿಗೆ ನಿಲ್ತದ, ಹೊಸಾದು ಬಂದಂಗ ಹಳೇದು ತಾನೇ ಉದುರತದ. ಕಾಕಾಗ ದಿನಕ್ಕ ಹತ್ತು ಫೋನಂದ್ರ ಎರಡು ತಿಂಗಳಿಗೂ ಸಾಲಂಗಿಲ್ಲ. ಗೂಗಲ್ ಬ್ಯಾಕಪ್‌ದಾಗ ಕಾಲ್ ಪಟ್ಟಿನೂ ಹೋಗ್ತದ, ಆದ್ರ ಅದು ಹೊಸಾ ಫೋನಿಗೆ ಇಳಸಲಾಕ ಬರ್ತದ ಹೊರತು ತೆಗದು ಓದಲಾಕ ಬರಂಗಿಲ್ಲ. ಎಸ್‌ಎಂಎಸ್ ಬ್ಯಾಕಪ್ ಆಂಡ್ ರಿಸ್ಟೋರ್ ಅಂತ ಒಂದು ಆ್ಯಪ್ ಅದ, ಅದು ಪಟ್ಟಿ ಪೂರಾ ಎಕ್ಸ್‌ಎಂಎಲ್ ಫೈಲ್ ಮಾಡಿ ಕೊಡ್ತದ, ಅದೂ ಆ ಹೊತ್ತಿಗೆ ಫೋನಿನಾಗ ಇದ್ದದ್ದನ್ನಷ್ಟೇ. ಉದುರಿದ್ದನ್ನ ಆರಸಿ ತರಂಗಿಲ್ಲ. ಮುಂದ ಬೇಕಾದೀತು ಅನ್ನೋರು ತಿಂಗಳಿಗೊಮ್ಮೆ ತೆಗದಿಡಬೇಕು, ಬ್ಯಾರೆ ದಾರಿ ಇಲ್ಲ.

ಆ ಫೈಲ್ ತೆಗದು ಕಾಕಾಗ ತೋರ್ಸಿದೆ. ಒಂದೊಂದು ಸಾಲಿನಾಗ ನಂಬರ್, ತಾರೀಖು, ಎಷ್ಟು ಸೆಕೆಂಡ್ ಮಾತಾಡಿದ್ದು, ಮತ್ತ ಟೈಪ್ ಅಂತ ಒಂದು ಅಂಕಿ. 1 ಅಂದ್ರ ಬಂದದ್ದು, 2 ಅಂದ್ರ ನಾವು ಹಚ್ಚಿದ್ದು, 3 ಮಿಸ್ಡ್ ಕಾಲ್, 5 ಅಂದ್ರ ಕಟ್ ಮಾಡಿದ್ದು. ಫೆಬ್ರವರಿಯಾಗ ಅದೇ ಮಷಿನ್ ಮಾಲಕಗ ಕಾಕಾ ಹಚ್ಚಿದ ಮೂರು ಫೋನ್ ಸಿಕ್ಕವು, ಮೂರಕ್ಕೂ ಟೈಪ್ 2, ಸೆಕೆಂಡ್ 0. ಕಾಕಾ "ನೋಡು, ಅಂವ ಎತ್ತಲೇ ಇಲ್ಲ" ಅಂದ್ರು. ಅಂವನ್ನ ಕೇಳಿದ್ರ "ಹತ್ತಿಲ್ಲ" ಅಂತಾನ, ಅಂದ್ರ ರಿಂಗೇ ಆಗಿಲ್ಲ ಅಂತ. ಸೊನ್ನಿ ಎರಡಕ್ಕೂ ಒಂದೇ!

ಇಲ್ಲಿ ನಮ್ಮ ಮಾತು ಫೈಲಿಗಿಂತ ಶಾಣ್ಯಾ ಅದ ಅನಸ್ತದ. ದೀಪ ಹಚ್ತೀವಿ, ಗಿಡ ಹಚ್ತೀವಿ, ಫೋನೂ ಹಚ್ತೀವಿ. ಮರಾಠಿಯಾಗೂ ದಿವಾ ಲಾವ್, ಝಾಡ್ ಲಾವ್, ಫೋನ್ ಲಾವ್, ನಮ್ಮ ದಖನಿ ಉರ್ದು ಮಂದಿ ಫೋನ್ ಲಗಾ ಅಂತಾರ. ಹಚ್ಚಿದ್ದು ಹತ್ತಬೇಕು, ದೀಪ ಹತ್ತಿದಂಗ. ಹತ್ತಿದ ಮ್ಯಾಲ ಆ ಕಡೆಯವ ಎತ್ತಬೇಕು. ಎತ್ತದೆ ಇರಬಹುದು, ಕಟ್ ಮಾಡಬಹುದು. ಹಚ್ಚು, ಹತ್ತು, ಎತ್ತು, ಕಟ್ ಮಾಡು, ನಾಲ್ಕಕ್ಕೂ ನಾಲ್ಕು ಅರ್ಥ, ಹೊಲದಾಗ ಕೆಲಸ ಮಾಡೋ ಮಂದಿ ಒಮ್ಮೆನೂ ತಪ್ಪದೆ ಬಳಸ್ತಾರ. ಇದನ್ನೆಲ್ಲಾ ಬಿಟ್ಟು 'ತಪ್ಪಿದ ಕರೆ' ಅಂತ ಬರದ್ರ ಅರ್ಧ ಮಂದಿ ರಾಂಗ್ ನಂಬರ್ ಅಂತ ತಿಳಕೋತಾರ. ನನ್ನ ಪ್ರಕಾರ ಮಿಸ್ಡ್ ಕಾಲ್ ಅನ್ನೋದು ಕನ್ನಡವೇ ಆಗಿಹೋಗ್ಯದ, ಅದನ್ನ ಮುಟ್ಟಬಾರದು.

ಕಡೀಕ ಡಿಸೆಂಬರಿನ ಫೋನಿಗೆ ಕಂಪನಿಗೇ ಕೇಳಿದ್ವಿ. ಪ್ರೀಪೇಯ್ಡ್ ಇದ್ದೋರಿಗೂ 50 ರೂಪಾಯಿ ಮೀರದಂಗ ಫೀಸ್ ತಗೊಂಡು ಹಿಂದಿನ ಆರು ತಿಂಗಳ ಒಳಗಿನ ವಿವರ ಕೊಡಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮ ಅದ, ಇದು ಭಾಳ ಮಂದಿಗೆ ಗೊತ್ತೇ ಇಲ್ಲ. ಅದರಾಗ ಬರೋದು ರೊಕ್ಕದ ಲೆಕ್ಕಕ್ಕ ಸಿಗೋ ಫೋನಷ್ಟೇ, ಅಂದ್ರ ನಾವು ಹಚ್ಚಿ ಆ ಕಡೆ ಎತ್ತಿದ್ದು. ಎತ್ತದ ಫೋನು, ಮಿಸ್ಡ್ ಕಾಲು ಅದರಾಗ ಇರಂಗಿಲ್ಲ, ವಾಟ್ಸಾಪ್‌ದಾಗ ಹಚ್ಚಿದ್ದಂತೂ ಇಲ್ಲವೇ ಇಲ್ಲ. ಆದ್ರೂ ಡಿಸೆಂಬರಿನ ಎರಡು ಫೋನ್ ಸಿಕ್ಕವು, ಒಂದು ನಲವತ್ತು ಸೆಕೆಂಡ್, ಒಂದು ಎರಡು ನಿಮಿಷದ ಮ್ಯಾಲ. ಫೋನೇ ಹಚ್ಚಿಲ್ಲ ಅನ್ನೋ ಮಾತಿಗೆ ಅದು ಸಾಕು. ಕಾಕಾ ಆ ಹಾಳಿ ನಾಕು ಮಡಚಿ ಅಂಗಿ ಕಿಸೆದಾಗ ಇಟ್ಕೊಂಡು ಹ್ವಾದ್ರು.

ಈಗ ನಾ ಅಂಗಡಿ ಗ್ವಾಡಿಗೆ ಒಂದು ಹಾಳಿ ಬರದು ಹಚ್ಚಬೇಕಂತ ಮಾಡೀನಿ, ಹಳೆ ಫೋನ್ ಪಟ್ಟಿ ಹ್ಯಾಂಗ ತೆಗದಿಟ್ಕೋಬೇಕು ಅಂತ. ಅದರಾಗ 'ಕರೆ ಇತಿಹಾಸ' ಬದಲಿ 'ಫೋನ್ ಕಿರ್ದಿ' ಅಂತ ಬರದ್ರ ಹ್ಯಾಂಗ? ಗಂಜಿನ್ಯಾಗ ದಿನಾ ತಾರೀಖಿನ ಪ್ರಕಾರ ಬರಕೊಂಡು ಹೋಗೋದು ಕಿರ್ದಿ, ಆಮ್ಯಾಲ ಒಬ್ಬೊಬ್ಬ ಗಿರಾಕಿ ಹೆಸರಿಗೆ ಬಿಡಸಿ ಬರಿಯೋದು ಖತಾವಣಿ. ಫೋನಿನಾಗೂ ಸುಮ್ಮನ ಪಟ್ಟಿ ತೆಗದ್ರ ಕಿರ್ದಿ, ಒಬ್ಬರ ಹೆಸರು ಒತ್ತಿ ಅವರದಷ್ಟೇ ನೋಡಿದ್ರ ಖತಾವಣಿ, ಇಷ್ಟು ಕೂಡಿಬರೋ ಜೋಡಿ ನನಗ ಬ್ಯಾರೆ ಸಿಕ್ಕಿಲ್ಲ. ಬಂದ ಫೋನಿಗೆ ಆವಕ ಅನ್ನಬಹುದೇನೋ, ತೊಗರಿ ಆವಕ ಅಂತ ದಿನಾ ಪೇಪರ್‌ದಾಗ ಓದ್ತೀವಿ. ಹೋದ ಫೋನಿಗೆ ಮರಾಠಿ ದಫ್ತರದಾಗಿನಂಗ ಜಾವಕ ಅನ್ನಲಾಕ ಮನಸ್ಸು ಒಪ್ಪವಲ್ದು, ಹಚ್ಚಿದ್ದು, ಬಂದದ್ದು ಅಂದ್ರೇ ಸಾಕು ಅನಸ್ತದ.

ನನ್ನ ಮುಖ್ಯ ಪ್ರಶ್ನೆ ಉತಾರದ್ದೇ. ಕಲಬುರಗಿ ಶಹರದಾಗ ಪಹಣಿ ಅನ್ನೋದೇ ಹೆಚ್ಚು, ಉತಾರ ಅನ್ನೋದು ಆಳಂದ ಕಡೆ, ವಿಜಯಪುರ, ಬೆಳಗಾವಿ ಕಡೆ ಕೇಳೀನಿ. ಬೀದರ, ಯಾದಗಿರಿ ಮಂದಿ ಉತಾರ ಅಂದ್ರ ಹೊಲದ್ದು ಬಿಟ್ಟು ಬ್ಯಾರೆ ಯಾವುದಕ್ಕಾದ್ರೂ ಬಳಸ್ತೀರೇನು, ಬ್ಯಾಂಕಿನ ಖಾತೆ ಉತಾರ ಅಂತಲೋ ಮತ್ತೊಂದಕ್ಕೋ? ಮೈಸೂರು, ಮಂಗಳೂರು ಕಡೆಯವರಿಗೆ 'ಫೋನ್ ಕಿರ್ದಿಯ ಉತಾರ ತೆಗೆಯುವುದು' ಅಂತ ಓದಿದ್ರ ಏನಾದ್ರೂ ತಿಳೀತದೋ, ಪೂರಾ ಅಪರಿಚಿತವೋ? 'ನಕಲು' ಸಾಕಲ್ಲ ಅನ್ನೋರೂ ಇರಬಹುದು, ಆದ್ರ ನಕಲು ಅಂದ ಕೂಡ್ಲೇ ನಮ್ಮ ಅಂಗಡಿಗೆ ಬರೋ ಹುಡುಗರಿಗೆ ಪರೀಕ್ಷೆಯ ಕಾಪಿ ನೆನಪಾಗ್ತದ, ಅದಕ್ಕ ಹಿಂದ ಮುಂದ ನೋಡ್ಲತ್ತೀನಿ. ನಿಮ್ಮ ಮನಿಯಾಗ ಹಿರೇರು ಇದ್ರ ಒಮ್ಮೆ ಕೇಳಿ ಬರೀರಿ, ಅವರು ಅಂದದ್ದನ್ನ ಹಂಗೇ ಬರದ್ರ ಇನ್ನೂ ಚಲೋ. ಐತವಾರದ ತನಕ ಗ್ವಾಡಿಗೆ ಹಚ್ಚಂಗಿಲ್ಲ, ಕಾಯ್ತೀನಿ.